ಹಲ್ಲುಸಾಲಿನ ಮೇಲೆ ಮಿಡತೆ

ಮಿಡತೆಗೆ ಜೀವ ಬಂದರೆ ಮೊದಲು ನಡುಗುವುದು ಷೆಡ್ಡಿನ ತಗಡು. ಆಮೇಲೆ ಕಪಾಟಿನಲ್ಲಿ ಸಾಲಾಗಿಟ್ಟ ನಟ್ಟು ಬೋಲ್ಟಿನ ಡಬ್ಬಿಗಳು. ಕೊನೆಗೆ ನನ್ನ ಎದೆ. ಆ ದಿನ ಬೆಳಿಗ್ಗೆ ಮಾತ್ರ ಎಲ್ಲ ತಿರುಗುಮುರುಗು. ಅಕ್ಕ ಇನ್ನೂ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು, ಸ್ಟಾರ್ಟಿನ ಗುಂಡಿಯ ಹತ್ತಿರ ಬೆರಳು ಹೋಗಿರಲೇ ಇಲ್ಲ, ನನ್ನ ಎದೆ ಆಗಲೇ ಡಬಡಬ ಎನ್ನುತ್ತಿತ್ತು.

ಮಿಡತೆ ಎಂದರೆ ನಮ್ಮ ಗಾಡಿ. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್, ಒಬ್ಬರಿಗೆ ಮಾತ್ರ ಸೀಟು. ಸೂರಿಲ್ಲ, ಬಾಗಿಲಿಲ್ಲ. ಮೂಟೆ ಹೊರುವ, ಬೇಲಿ ಸುತ್ತಿ ಬರುವ ನಾಲ್ಕು ಚಕ್ರದ ಗಾಡಿಗಳೂ ಇವೆ. ಇದು ಆ ಜಾತಿಯದಲ್ಲ. ಇದು ಓಟಕ್ಕೆಂದೇ ಹುಟ್ಟಿದ್ದು. ಮರಳಿರಲಿ ಜಲ್ಲಿಯಿರಲಿ ಕೆಸರಿರಲಿ, ಓಡಬೇಕು, ಹಾರಬೇಕು, ಹಾರಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡಬೇಕು.

ಚಿಕ್ಕಪ್ಪನ ಷೆಡ್ಡಿನಲ್ಲಿ ಇಂಥ ಗಾಡಿಗಳು ಹಿಂದೆಯೂ ತಯಾರಾಗಿದ್ದವು. ಆದರೆ ಮಿಡತೆಯ ಹಿಂಭಾಗ ನನ್ನದು. ಪೂರ್ತಿ ಅಲ್ಲ, ಒಂದು ಕೊಂಡಿ ಮಾತ್ರ. ಹಿಂದಿನ ಚಕ್ರಗಳನ್ನು ಹಿಡಿದಿರುವ ಉದ್ದನೆಯ ತೋಳಿಗೂ ಸೀಟಿನ ಕೆಳಗೆ ಏಟು ನುಂಗುವ ಶಾಕಿಗೂ ನಡುವೆ ಕೂರುವ, ಅಂಗೈಯಗಲದ ಲೋಹದ ತುಂಡು. ಅದರಲ್ಲಿ ತೂತುಗಳು. ಆ ತೂತುಗಳನ್ನು ಎಲ್ಲಿ ಕೊರೆಯಬೇಕೆಂದು ಯೋಚಿಸುವುದರಲ್ಲೇ ಕಾಲೇಜು ಮುಗಿದ ಮೇಲಿನ ನನ್ನ ವರ್ಷವೆಲ್ಲ ಕಳೆದಿತ್ತು. ಷೆಡ್ಡಿನ ಹಳೆಯ ಕೊಂಡಿ ಸಣ್ಣ ಉಬ್ಬಿಗೂ ದೊಡ್ಡ ಹಾರಿಕೆಗೂ ಒಂದೇ ಥರ ಒರಟಾಗಿ ಪ್ರತಿಕ್ರಿಯಿಸುತ್ತಿತ್ತು. ನನ್ನದು ಹಾಗಲ್ಲ. ಚಕ್ರ ಸ್ವಲ್ಪ ಮೇಲೆದ್ದರೆ ಮೆತ್ತಗೆ ಬಿಟ್ಟುಕೊಡುತ್ತದೆ, ಹೆಚ್ಚು ಮೇಲೆದ್ದಷ್ಟೂ ಬಿಗಿಯಾಗುತ್ತದೆ. ಕಾಗದದ ಮೇಲೆ ಹಾಗೆ. ಕಂಪ್ಯೂಟರಿನಲ್ಲೂ ಹಾಗೆ. ಕಲ್ಲುಗಣಿಯಲ್ಲಿ ಮಾತ್ರ ಎರಡು ದಿನದಿಂದ ಅದು ಅಕ್ಕನನ್ನು ಒದೆಯುತ್ತಿತ್ತು.

ಅವತ್ತೇ ಗಾಡಿ ಕಂಪನಿಯ ಮೇಡಂ ಬರುವವರಿದ್ದರು. ಅವರ ಕೆಂಪು ಗಾಡಿಯನ್ನೂ ಅದರ ಸವಾರನನ್ನೂ ಕರೆತಂದು ಮಿಡತೆಯ ಪಕ್ಕದಲ್ಲಿ ಓಡಿಸಿ ನೋಡುತ್ತಾರಂತೆ. ಮೆಚ್ಚಿಗೆಯಾದರೆ ನಮ್ಮ ಹಿಂಭಾಗವನ್ನೇ ಅವರ ಹೊಸ ಗಾಡಿಗಳಿಗೆಲ್ಲ ಹಾಕುತ್ತಾರಂತೆ. ಚಿಕ್ಕಪ್ಪ ಹಿಂದಿನ ಸಂಜೆಯೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ಬೆಳಿಗ್ಗೆ ಒಂದೇ ಒಂದು ಸಲ ನೋಡೋಣ. ಒದೆಯೋದು ನಿಂತ್ರೆ ಸರಿ. ಇಲ್ಲಾಂದ್ರೆ ಹಳೇ ಕೊಂಡಿ ಹಾಕೋದು, ಇದನ್ನ ಗುಜರಿ ಡಬ್ಬಿಗೆ ಎಸೆಯೋದು. ಬೇಜಾರು ಮಾಡ್ಕೋಬೇಡಮ್ಮ."

ನಾನು ತಲೆ ಆಡಿಸಿದ್ದೆ. ನನಗೆ ಬರುವ ಉತ್ತರ ಅದೊಂದೇ. ಷೆಡ್ಡಿನಲ್ಲಿ ನನ್ನ ಹೆಸರು ಸೈಲೆನ್ಸರ್. ಇಟ್ಟವನು ಭಾವ. ಹೊಗೆ ಹೋಗುತ್ತದೆ, ಸದ್ದು ಮಾತ್ರ ಬರುವುದಿಲ್ಲ ಎಂದು ನಗುತ್ತಾನೆ. ಬೇಜಾರಿಲ್ಲ. ತಲೆಯೊಳಗೆ ನಾನು ಅವನಿಗೆ ಎಂಥೆಂಥ ತಿರುಗೇಟು ಕೊಟ್ಟಿದ್ದೇನೆ ಎಂದು ತಿಳಿದರೆ ಪಾಪ ಅವನೇ ಬೇಜಾರು ಮಾಡಿಕೊಂಡಾನು.

"ಸೈಲೆನ್ಸರ್, ಪಕ್ಕಕ್ಕೆ ಬಾ. ನಿನ್ನ ಅಕ್ಕ ಬ್ರೇಕು ಹಿಡಿಯೋದನ್ನ ಮರೆತ್ರೆ ನೀನು ಗೋಡೆಗೆ ಪೋಸ್ಟರ್ ಆಗ್ತೀಯ" ಎಂದ ಭಾವ, ಗಡಿಯಾರ ಕೈಯಲ್ಲಿ ಹಿಡಿದು.

"ನಾನು ಮರೆಯಲ್ಲ. ಮರೆತು ಬಂಡೆ ಮೇಲೆ ಹತ್ತಿಸಿ ಭುಜ ಕಳಚಿಕೊಂಡವರು ಯಾರೋ ಇದ್ರಲ್ಲ, ಅವರಿಗೆ ಹೇಳಿ" ಎಂದಳು ಅಕ್ಕ ಹೆಲ್ಮೆಟ್ಟಿನ ಒಳಗಿನಿಂದ.

ಭಾವ ತನ್ನ ಭುಜ ಸವರಿಕೊಂಡ. ಹೋದ ವರ್ಷದವರೆಗೂ ಷೆಡ್ಡಿನ ಸವಾರ ಅವನೇ. ಭುಜ ಕಳಚಿಕೊಂಡ ಮೇಲೆ ಡಾಕ್ಟರು ಬೇಡವೆಂದರು, ಅಕ್ಕ "ನಾನು ಸುಮ್ನೆ ನೋಡ್ಕೊಂಡು ಕೂತಿರೋದಕ್ಕೆ ಹುಟ್ಟಿದ್ದೀನಾ?" ಎಂದು ಅವನ ಬೂಟಿನೊಳಗೆ ಬಟ್ಟೆ ತುರುಕಿ ಗಾಡಿ ಹತ್ತಿ ಹೊರಟೇಬಿಟ್ಟಳು. ಅಕ್ಕ ಚಿಕ್ಕಪ್ಪನ ಮಗಳು. ಆದರೆ ಚಿಕ್ಕಪ್ಪನ ಮೈಕಟ್ಟು ಬಂದಿರುವುದು ಅಳಿಯನಿಗೆ. ಮಾವ ಅಳಿಯ ಇಬ್ಬರೂ ಬಾಗಿಲಲ್ಲಿ ನಿಂತರೆ ಷೆಡ್ಡಿನೊಳಗೆ ದೀಪ ಹಾಕಬೇಕು. ಅಕ್ಕ ಮಾತ್ರ ಕಡ್ಡಿ.

ಮಿಡತೆ ಗುಡುಗಿತು. ತಗಡು ನಡುಗಿತು, ಡಬ್ಬಿಗಳು ಕಿಲಕಿಲ ಎಂದವು, ಅಕ್ಕ ಹೊರಟಳು.

ಷೆಡ್ಡಿನ ಹಿಂದಿನ ಕಲ್ಲುಗಣಿಯಲ್ಲಿ ಕೆಲಸ ನಿಂತು ಎಷ್ಟೋ ಕಾಲವಾಗಿದೆ. ಅದೇ ನಮ್ಮ ಪರೀಕ್ಷೆಯ ಮೈದಾನ. ಮೊದಲು ನುಣುಪು ಜಲ್ಲಿಯ ಏರು. ಮೇಲಿನಿಂದ ಮಣ್ಣಿನ ದಿಬ್ಬಕ್ಕೆ ಹಾರಿಕೆ. ಆಮೇಲೆ ಹಲ್ಲುಸಾಲು: ಬಸ್ಸಿನ ಚಕ್ರದಷ್ಟು ಎತ್ತರದ ಮಣ್ಣುಗುಡ್ಡೆಗಳು ಒಂದರ ಹಿಂದೊಂದು, ದವಡೆಯಲ್ಲಿನ ಹಲ್ಲುಗಳಂತೆ. ನಿಧಾನಕ್ಕೆ ಹೋದರೆ ಹತ್ತಿಳಿದು ಸುಸ್ತಾಗಬೇಕು. ಜೋರಾಗಿ ಹೋದರೆ ಚಕ್ರಗಳು ಹಲ್ಲಿನ ತುದಿ ಮಾತ್ರ ಮುಟ್ಟುತ್ತ ತೇಲಿಹೋಗಬೇಕು. ಮಿಡತೆ ತೇಲಲಿ ಎಂದೇ ನಾನು ಕೊಂಡಿ ಮಾಡಿದ್ದು.

ಏರು ಸರಿ. ಹಾರಿಕೆ ಸರಿ. ಮೊದಲ ಹಲ್ಲು ಸರಿ. ಎರಡನೆಯದಕ್ಕೆ ಹಿಂಭಾಗ ಎದ್ದಿತು, ಕೆಳಗಿನಿಂದ ಯಾರೋ ಕಾಲಲ್ಲಿ ಒದ್ದಂತೆ. ಅಕ್ಕ ಹ್ಯಾಂಡಲಿನ ಮೇಲೆ ಬಿದ್ದು, ಹೇಗೋ ಹಿಡಿದುಕೊಂಡು, ಅಡ್ಡಾದಿಡ್ಡಿ ಹೋಗಿ ಸಾಲಿನಿಂದ ಹೊರಗೆ ಬಂದಳು. ವಾಪಸು ಬಂದವಳೇ ಹೆಲ್ಮೆಟ್ ಕಳಚಿ ಎಸೆದಳು.

"ಕತ್ತೆ! ಅಪ್ಪಟ ಕತ್ತೆ! ಹಿಂದಿನಿಂದ ಜಾಡಿಸಿ ಒದೀತಿದೆ!" ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ನಿನ್ನ ಕೊಂಡಿಗಲ್ಲ ಕಣೇ ಹೇಳಿದ್ದು. ಗಾಡಿಗೆ."

ಗಾಡಿಗೆ ಬೈದರೂ ಕೊಂಡಿಗೆ ಬೈದರೂ ನನಗೆ ಒಂದೇ.

ಚಿಕ್ಕಪ್ಪ ಕೈಯೊರೆಸುವ ಬಟ್ಟೆಯನ್ನು ಹೆಗಲಿಂದ ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡ. "ಸಾಕು. ಹಳೇ ಕೊಂಡಿ ಹಾಕಿ."

ಅಷ್ಟೇ. ಕಾಗದದ ಮೇಲೆ ನಾನು ಎಳೆದ ಗೆರೆಗಳೆಲ್ಲ ಅಷ್ಟರಲ್ಲಿ ಮುಗಿದುಹೋದವು. ಬೇಡ ಚಿಕ್ಕಪ್ಪ, ಇನ್ನೊಂದು ಸಲ ನೋಡೋಣ, ಕಾರಣ ಬೇರೆ ಇರಬೇಕು. ಇಡೀ ವಾಕ್ಯ ತಯಾರಾಗಿ ಗಂಟಲವರೆಗೂ ಬಂದು, ಅಲ್ಲೇ ಕುಳಿತುಬಿಟ್ಟಿತು.

ನನ್ನ ಪರವಾಗಿ ಮಾತಾಡಿದ್ದು ಷೆಡ್ಡಿನ ವೆಲ್ಡರ್ ಮಾಮ. "ಕುಸಿತ ಒಂದ್ಸಲ ಅಳೆದುಬಿಡೋಣ ಯಜಮಾನ್ರೇ. ಅಳತೆ ಹೆಚ್ಚುಕಮ್ಮಿ ಆಗಿದ್ರೆ ಆ ಹುಡುಗಿ ಮಾಡಿದ್ದರ ಮೇಲೆ ಗೂಬೆ ಕೂರಿಸೋದು ಬೇಡ."

"ನಿನ್ನೆ ಅಳೆದಿದೀವಲ್ಲಯ್ಯ."

"ಇವತ್ತೂ ಅಳೆದ್ರೆ ಗಾಡಿ ಏನು ಸವೆದು ಹೋಗಲ್ಲ."

ಕುಸಿತ ಅಳೆಯುವುದು ಸುಲಭದ ಕೆಲಸ. ಗಾಡಿಯನ್ನು ಸ್ಟ್ಯಾಂಡಿನ ಮೇಲೆತ್ತಿ, ಚಕ್ರಗಳು ನೇತಾಡುವಾಗ ಹಿಂದಿನ ಆಕ್ಸಲಿನಿಂದ ಸೀಟಿನ ಅಂಚಿಗೆ ಟೇಪು ಹಿಡಿಯಬೇಕು. ಮತ್ತೆ ಕೆಳಗಿಳಿಸಿ, ಮೇಲೆ ಆಳು ನಿಂತಾಗ ಇನ್ನೊಮ್ಮೆ ಹಿಡಿಯಬೇಕು. ಭಾರಕ್ಕೆ ಗಾಡಿ ಎಷ್ಟು ಕುಸಿಯಿತು ಎಂದು ಗೊತ್ತಾಗುತ್ತದೆ. ಕುಸಿತ ಹದವಾಗಿರಬೇಕು. ಕಡಿಮೆಯಾದರೆ ಶಾಕಿನ ಸ್ಪ್ರಿಂಗನ್ನು ಒತ್ತಿಹಿಡಿದ ಬಳೆಯನ್ನು ಸಡಿಲಿಸಬೇಕು, ಹೆಚ್ಚಾದರೆ ಬಿಗಿಯಬೇಕು. ಟೇಪಿನ ಕೆಳತುದಿ ವೆಲ್ಡರ್ ಮಾಮನದು, ಮೇಲಿನ ತುದಿ ನನ್ನದು, ಗಾಡಿಯ ಮೇಲೆ ಹತ್ತುವುದು ಚಿಕ್ಕಪ್ಪ. ಷೆಡ್ಡಿನಲ್ಲಿ ಯಾವಾಗಲೂ ಹೀಗೇ. ನಾನು ಬರುವ ಮೊದಲಿನಿಂದಲೂ ಹೀಗೇ.

ಚಿಕ್ಕಪ್ಪ ಹತ್ತುವುದನ್ನು ನೋಡುವುದೇ ಒಂದು ಚಂದ. ಬೂಟು ಬದಲಾಯಿಸುತ್ತಾನೆ. ಕೈಗವಸು ತೊಡುತ್ತಾನೆ. ತನ್ನ ಹಳೆಯ ಹೆಲ್ಮೆಟ್ಟನ್ನೇ ಹಾಕಿಕೊಳ್ಳುತ್ತಾನೆ, ಅದಕ್ಕೆ ಈಗ ಪಟ್ಟಿ ಕೂಡುವುದಿಲ್ಲ. ಕಾಲಿಡುವ ಪಟ್ಟಿಗಳ ಮೇಲೆ ಎದ್ದು ನಿಂತು, ಮೊಣಕಾಲು ಬಗ್ಗಿಸಿ, ದೂರದ ಏರನ್ನು ನೋಡುತ್ತಾನೆ. ಎಂಜಿನ್ ಆಫ್ ಆಗಿರುತ್ತದೆ. ಆದರೂ ಆ ಹೊತ್ತು ಅವನು ಎಲ್ಲೋ ಹೋಗಿಬಿಟ್ಟಿರುತ್ತಾನೆ. ಒಂದು ಕಾಲದಲ್ಲಿ ಅವನ ಮುಂದೆ ಯಾರೂ ಹೋಗುತ್ತಿರಲಿಲ್ಲವಂತೆ.

"ಹೇಳಮ್ಮ, ಎಷ್ಟಿದೆ?"

ನಾನು ಟೇಪು ನೋಡಿದೆ. "ಸರಿ ಇದೆ ಚಿಕ್ಕಪ್ಪ."

ಸರಿಯಾಗೇ ಇತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಿಡತೆ ಚಿಕ್ಕಪ್ಪನ ಕೆಳಗೆ ಹದವಾಗಿ, ಹಿತವಾಗಿ, ಕಾಲು ಮಡಚಿ ಕೂತ ಬೆಕ್ಕಿನಂತೆ ಇತ್ತು.

"ನೋಡಿದ್ರಾ? ಅಳತೆಯಲ್ಲಿ ತಪ್ಪಿಲ್ಲ. ತಪ್ಪಿರೋದು ಕೊಂಡಿಯಲ್ಲೇ. ಬಿಚ್ಚು" ಎಂದ ಚಿಕ್ಕಪ್ಪ ಗಾಡಿಯ ಮೇಲಿನಿಂದಲೇ.

ವೆಲ್ಡರ್ ಮಾಮ ಸ್ಪ್ಯಾನರ್ ಹುಡುಕಲು ಹೋದ. ನಾನು ಟೇಪು ಹಿಡಿದು ಬಗ್ಗಿಯೇ ಇದ್ದೆ. ಎದುರಿಗೆ ಅಕ್ಕ ನೀರು ಕುಡಿಯುತ್ತ ನಿಂತಿದ್ದಳು. ಮೊಣಕೈಯ ಮೂಳೆ ಜಾಕೆಟ್ಟಿನ ಮೇಲೂ ಎದ್ದು ಕಾಣುತ್ತಿತ್ತು. ಅರ್ಧ ಗಂಟೆಯ ಹಿಂದೆ ಅವಳು ಹತ್ತಿದಾಗ ಗಾಡಿ ಹೀಗಿತ್ತೇ? ಹೀಗೆ ಕುಸಿದಿತ್ತೇ? ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಇಲ್ಲ. ಅವಳು ಹತ್ತಿದ್ದು ಗಾಡಿಗೆ ಗೊತ್ತೇ ಆಗಿರಲಿಲ್ಲ.

ಮೈಯೆಲ್ಲ ಜುಮ್ಮೆಂದಿತು.

ಗಾಡಿ ಓಡಿಸುವವಳು ಅಕ್ಕ. ಹದ ಮಾಡುತ್ತಿದ್ದುದು ಚಿಕ್ಕಪ್ಪನಿಗೆ! ಇಷ್ಟೂ ದಿನ! ಭಾವ ಸವಾರನಾಗಿದ್ದಾಗ ನಡೆದುಹೋಯಿತು. ಅಳಿಯನೂ ಮಾವನೂ ಒಂದೇ ತೂಕ. ಅಕ್ಕ ಬಂದ ಮೇಲೆ ಹಳೆಯ ಕೊಂಡಿಯಲ್ಲಿ ತಿಳಿಯಲಿಲ್ಲ. ಅದು ಯಾರು ಕೂತರೂ ಮರದ ಹಲಗೆಯಂತೆ ಒರಟು. ನನ್ನ ಕೊಂಡಿ ಸೂಕ್ಷ್ಮ. ಅದಕ್ಕೆ ಮೇಲಿರುವವರು ಯಾರೆಂದು ಗೊತ್ತಾಗುತ್ತದೆ. ನಮಗೆ ಯಾರಿಗೂ ಗೊತ್ತಾಗಿರಲಿಲ್ಲ, ಟೇಪು ಹಿಡಿದ ನನಗೂ. ಚಿಕ್ಕಪ್ಪ ಹತ್ತುವುದು ಅಳತೆಯ ಒಂದು ಭಾಗ ಎಂದು ಯಾರು ಯೋಚಿಸಿದ್ದರು? ಅದು ಚಿಕ್ಕಪ್ಪ ಹತ್ತುವುದು, ಅಷ್ಟೇ.

ವೆಲ್ಡರ್ ಮಾಮ ಸ್ಪ್ಯಾನರ್ ತಂದು ಕೊಂಡಿಯ ಬೋಲ್ಟಿಗೆ ಕೂರಿಸಿದ.

ಹೇಳಬೇಕು. ಈಗಲೇ ಹೇಳಬೇಕು. ಹೇಗೆ ಹೇಳಲಿ? ಚಿಕ್ಕಪ್ಪ, ನಿಮ್ಮ ತೂಕ... ಛೆ. ಚಿಕ್ಕಪ್ಪ, ನೀವು ಸ್ವಲ್ಪ... ಛೆ ಛೆ. ಅಕ್ಕ ತೀರಾ ತೆಳ್ಳಗಿರುವುದರಿಂದ... ಹಾಂ, ಇದು ವಾಸಿ, ಆದರೆ ಎಷ್ಟು ಉದ್ದ! ಬೋಲ್ಟು ಕಿರ್ರ್ ಎಂದಿತು. ವಾಕ್ಯ ಕಟ್ಟುತ್ತ ಕೂತರೆ ಕೊಂಡಿ ಕೈಗೆ ಬರುತ್ತದೆ.

"ಇಳೀರಿ!"

ಯಾರು ಕೂಗಿದ್ದು ಎಂದು ನಾನೂ ಒಮ್ಮೆ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಗಡಿನ ಸೂರಿನಲ್ಲಿ ದನಿ ಇನ್ನೂ ಗುಂಯ್ ಎನ್ನುತ್ತಿತ್ತು.

"ಏನಂದೆ?" ಎಂದ ಚಿಕ್ಕಪ್ಪ.

"ಇಳೀರಿ ಚಿಕ್ಕಪ್ಪ. ಮಾಮ, ಬಿಚ್ಚಬೇಡಿ. ಅಕ್ಕ ಹತ್ತಲಿ."

"ಯಾಕೆ?"

"ಗಾಡಿ ಓಡ್ಸೋದು ನೀವಲ್ಲ."

ನಾನು ಅಂದುಕೊಂಡದ್ದು ಬರೀ ಲೆಕ್ಕದ ಮಾತು. ಬಾಯಿಂದ ಹೊರಬಿದ್ದ ಮೇಲೆ ಅದು ಬೇರೇನೋ ಆಗಿತ್ತು. ಚಿಕ್ಕಪ್ಪನ ಮುಖ ಹೆಲ್ಮೆಟ್ಟಿನೊಳಗೆ ಸಣ್ಣದಾಯಿತು. ಹ್ಯಾಂಡಲ್ ಹಿಡಿದು ಒಂದು ಕಾಲು ತೆಗೆದ, ಇನ್ನೊಂದು ಕಾಲು ತೆಗೆದ. ಕೆಳಗೆ ನಿಂತು ಕೈಗವಸು ಬಿಚ್ಚಿದ, ಒಂದೊಂದೇ ಬೆರಳು. ನನಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಆದರೆ ನಿಲ್ಲಿಸಲಾಗಲಿಲ್ಲ. ಖುಷಿ ಅಷ್ಟಿತ್ತು.

"ಹತ್ತು ಅಕ್ಕ. ಹೆಲ್ಮೆಟ್ ಹಾಕ್ಕೊಂಡೇ ಹತ್ತು. ನಿಂತ್ಕೋ."

ಅಕ್ಕ ಹತ್ತಿದಳು. ವೆಲ್ಡರ್ ಮಾಮ ಕೆಳತುದಿ ಹಿಡಿದ, ನಾನು ಮೇಲಿನದು. ಚಿಕ್ಕಪ್ಪನಿಗೆ ಅಂಗೈಯಗಲ ಕುಸಿದಿದ್ದ ಗಾಡಿ ಅಕ್ಕನಿಗೆ ಎರಡು ಬೆರಳೂ ಕುಸಿದಿರಲಿಲ್ಲ.

ಮಾಮ ಟೇಪು ನೋಡಿದ. ಇನ್ನೊಂದು ಸಲ ನೋಡಿದ. ಆಮೇಲೆ ಚಿಕ್ಕಪ್ಪನ ಹೊಟ್ಟೆ ನೋಡಿದ. "ಅಯ್ಯೋ ನಮ್ಮ ಬುದ್ಧಿಗಿಷ್ಟು!" ಎಂದು ಹಣೆ ಹಣೆ ಚಚ್ಚಿಕೊಂಡ.

"ಏನು? ಏನಾಯ್ತು? ಕನ್ನಡದಲ್ಲಿ ಹೇಳಿ" ಎಂದ ಭಾವ.

ನಾನು ಹೇಳಿದೆ. ಅಷ್ಟು ಮಾತು ಒಟ್ಟಿಗೆ ನನ್ನ ಬಾಯಿಂದ ಅವರು ಕೇಳಿದ್ದು ಅದೇ ಮೊದಲು. "ಭಾರದವರಿಗೆ ಅಂತ ಸ್ಪ್ರಿಂಗನ್ನ ಬಿಗಿ ಮಾಡಿದೀವಿ. ಅಕ್ಕ ಹಗುರ. ಅವಳು ಕೂತ್ರೆ ಗಾಡಿ ಹಿಂದೆ ತುದಿಗಾಲಲ್ಲಿ ನಿಂತ ಹಾಗೆ ಇರತ್ತೆ. ತುದಿಗಾಲಲ್ಲಿ ನಿಂತವರನ್ನ ಹಿಂದಿನಿಂದ ತಳ್ಳಿದ್ರೆ ಏನಾಗತ್ತೆ? ಮುಗ್ಗರಿಸ್ತಾರೆ. ಮೊದಲನೇ ಹಲ್ಲಿಗೆ ಕುಸಿದಿದ್ದು ರಪ್ ಅಂತ ಮೇಲೆದ್ದು, ಎರಡನೇ ಹಲ್ಲಿಗೆ ಅವಳನ್ನ ಎತ್ತಿ ಒಗೀತಿದೆ. ಕೊಂಡಿ ತಪ್ಪಲ್ಲ. ಕೊಂಡಿ ನಾವು ಹೇಳಿದ್ದನ್ನೇ ಮಾಡ್ತಿದೆ. ನಾವು ಹೇಳಿದ್ದು ಚಿಕ್ಕಪ್ಪ ಓಡಿಸ್ತಾರೆ ಅಂತ."

ಅಕ್ಕ ಹ್ಯಾಂಡಲಿನ ಮೇಲೆ ಮಲಗಿಕೊಂಡು ನಗಲು ಶುರುಮಾಡಿದಳು.

"ಅಪ್ಪಾ! ನಾನು ಒಬ್ಬಳೇ ಹೋಗ್ತಿದೀನಿ ಅನ್ಕೊಂಡಿದ್ದೆ. ಗಾಡಿ 'ನಿಮ್ಮಪ್ಪನ ಹೊಟ್ಟೆ ಎಲ್ಲಿ, ಬಿಟ್ಟು ಬಂದ್ಯಾ' ಅಂತ ಒದೀತಿತ್ತು!"

ಭಾವನೂ ನಕ್ಕುಬಿಟ್ಟ. ಮಾಮ ನಗದಿರಲು ಮುಖ ತಿರುಗಿಸಿಕೊಂಡ, ಅವನ ಬೆನ್ನು ಕುಲುಕುತ್ತಿತ್ತು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಹೆಲ್ಮೆಟ್ ತೆಗೆದು ಅದರೊಳಗೆ ನೋಡುತ್ತ ನಿಂತಿದ್ದ.

ಹೊರಗೆ ವ್ಯಾನಿನ ಹಾರನ್ ಕೇಳಿಸಿತು.

ಮೇಡಂ ಹೇಳಿದ್ದಕ್ಕಿಂತ ಬೇಗ ಬಂದಿದ್ದರು. ಗೇಟಿನ ಹತ್ತಿರ ವ್ಯಾನಿನ ಹಿಂದಿನ ಟ್ರೇಲರಿನಿಂದ ಕೆಂಪು ಗಾಡಿ ಇಳಿಯುತ್ತಿತ್ತು. ಅದನ್ನು ಇಳಿಸುತ್ತಿದ್ದ ಸವಾರ ಆಜಾನುಬಾಹು, ಭಾವನನ್ನೂ ಮೀರಿಸುವವನು.

ಚಿಕ್ಕಪ್ಪ ನನ್ನ ಹತ್ತಿರ ಬಂದ. "ಸಡಿಲಿಸಿದ್ರೆ ಸರಿಹೋಗತ್ತಾ? ಗ್ಯಾರಂಟಿನಾ?"

ಗ್ಯಾರಂಟಿ ಎನ್ನಬೇಕೆಂದು ಆಸೆಯಾಯಿತು. "ಇಲ್ಲ. ಅಕ್ಕನ ತೂಕಕ್ಕೆ ಇನ್ನೂ ಮೆತ್ತನೆ ಸ್ಪ್ರಿಂಗ್ ಬೇಕಿತ್ತು, ನಮ್ಮ ಹತ್ರ ಇಲ್ಲ. ಇರೋದನ್ನೇ ಸಡಿಲ ಮಾಡಿ, ಶಾಕು ಮೇಲೇಳೋದನ್ನ ಸ್ವಲ್ಪ ನಿಧಾನ ಮಾಡ್ಬೇಕು. ಹಲ್ಲುಸಾಲಲ್ಲಿ ಓಡಿಸಿ ನೋಡೋಕೆ ಟೈಮಿಲ್ಲ."

"ಹಳೇ ಕೊಂಡಿ ಹಾಕಿದ್ರೆ ಒದೆಯಲ್ಲ ಅನ್ನೋದಂತೂ ಗ್ಯಾರಂಟಿ."

"ಸೋಲೋದೂ ಗ್ಯಾರಂಟಿ ಚಿಕ್ಕಪ್ಪ."

ಅವನು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದ. ತುಟಿಯಂಚು ಒಂದು ಕಡೆಗೆ ಸರಿಯಿತು. ನಗುವೋ ನೋವೋ ತಿಳಿಯಲಿಲ್ಲ. ಗೋಡೆಯ ಮೊಳೆಯಿಂದ ಬಳೆ ತಿರುಗಿಸುವ ಕೊಕ್ಕೆ ಸ್ಪ್ಯಾನರ್ ತೆಗೆದು ನನ್ನ ಕೈಗಿಟ್ಟ.

"ಮಾಡು. ನಾನು ಹೋಗಿ ಅವರನ್ನ ಮಾತಾಡಿಸ್ತಿರ್ತೀನಿ. ಮಾತಾಡೋದು ನಂಗೆ ಬರತ್ತೆ" ಎಂದು ಹೊರಟವನು ಬಾಗಿಲಲ್ಲಿ ತಿರುಗಿ ಮಗಳಿಗೆ ಹೇಳಿದ: "ನಿಂಗೆ ಹೆದರಿಕೆ ಇದ್ರೆ ಈಗಲೇ ಹೇಳ್ಬಿಡು. ಬೀಳೋದು ನೀನು."

"ಅವಳು ಸರಿ ಇದೆ ಅಂದ್ರೆ ನಾನು ಹೋಗ್ತೀನಿ" ಎಂದಳು ಅಕ್ಕ. ನಗು ನಿಂತಿತ್ತು.

ಆ ಮಾತು ನನ್ನ ಬೆನ್ನಮೇಲೆ ಕಲ್ಲಿನಂತೆ ಕೂತಿತು. ಸೀಟಿನ ಕೆಳಗೆ ತಲೆ ತೂರಿಸಿ ಬಳೆ ತಿರುಗಿಸಿದೆ. ಗ್ರೀಸು ಮೂಗಿಗೆ ಮೆತ್ತಿತು. ತಿರುಗಿಸು, ಅಕ್ಕ ಹತ್ತು, ಅಳೆ. ಇನ್ನೂ ಸಾಲದು. ಇಳಿ, ತಿರುಗಿಸು, ಹತ್ತು, ಅಳೆ. "ನನ್ನನ್ನೇ ಮಿಡತೆ ಅನ್ಕೊಂಡಿದೀಯಾ, ಹತ್ತಿ ಇಳಿದು ಕುಪ್ಪಳಿಸೋಕೆ?" ಎಂದು ಅಕ್ಕ ಗೊಣಗಿದಳು. ಬಳೆ ಇನ್ನು ತಿರುಗದು ಎನ್ನುವ ಹೊತ್ತಿಗೆ ಟೇಪಿನ ಗೆರೆ ಹದಕ್ಕೆ ಬಂತು. ಶಾಕು ನಿಧಾನಕ್ಕೆ ಮೇಲೇಳಲೆಂದು ಅದರ ಬುಡದ ತಿರುಪನ್ನು ಟಿಕ್ ಟಿಕ್ ಎನ್ನಿಸಿ ಬಿಗಿದೆ. ಎಷ್ಟು ಸಾಕು? ಅದಕ್ಕೆ ಟೇಪಿಲ್ಲ. ಸೀಟಿನ ಮೇಲೆ ಎರಡೂ ಕೈಯಿಟ್ಟು ಒತ್ತಿ ಬಿಟ್ಟೆ. ಗಾಡಿ ಕುಪ್ಪಳಿಸದೆ, ನಿಟ್ಟುಸಿರು ಬಿಟ್ಟಂತೆ ಮೇಲಕ್ಕೆ ಬಂತು.

"ಸರಿ ಇದೆ" ಎಂದೆ.

ಎರಡು ಸುತ್ತು ಎಂದು ತೀರ್ಮಾನವಾಗಿತ್ತು. ಮೇಡಂ ಕನ್ನಡಕ ಒರೆಸಿಕೊಂಡು ಸಾಲಿನ ಪಕ್ಕದ ಬಂಡೆಯ ಮೇಲೆ ನಿಂತರು. ಭಾವ ಕೈ ಎತ್ತಿದ, ಇಳಿಸಿದ. ಎರಡು ಗಾಡಿ ಒಟ್ಟಿಗೆ ನೆಲ ಕಿತ್ತುಕೊಂಡು ಹೊರಟವು.

ಏರಿನಲ್ಲಿ ಕೆಂಪು ಗಾಡಿ ಮುಂದೆ. ಅದರ ಎಂಜಿನ್ ದೊಡ್ಡದು, ಜಲ್ಲಿ ನಮ್ಮ ಕಾಲ ಮೇಲೂ ಸಿಡಿಯಿತು. ಹಾರಿಕೆಯಲ್ಲಿ ಅಕ್ಕ ಸ್ವಲ್ಪ ಹತ್ತಿರ ಬಂದಳು. ಹಲ್ಲುಸಾಲು ಬಂತು. ಮೊದಲ ಹಲ್ಲಿಗೆ ಅಕ್ಕ ಒದೆ ಬೀಳುತ್ತದೆಂದು ಮೈ ಗಟ್ಟಿಮಾಡಿಕೊಂಡಿದ್ದು ಇಲ್ಲಿಂದಲೇ ಕಂಡಿತು. ವೇಗ ಇಳಿಸಿದಳು. ಎರಡನೆಯ ಹಲ್ಲು. ಒದೆ ಬರಲಿಲ್ಲ. ಮೂರನೆಯದು. ಬರಲಿಲ್ಲ. ಕೊನೆಯವರೆಗೂ ಬರಲಿಲ್ಲ! ಆದರೆ ಕಾದು ಕಾದು ಹೋದದ್ದರಿಂದ ಕೆಂಪು ಗಾಡಿ ಆಗಲೇ ತಿರುವು ದಾಟಿತ್ತು.

"ಹೋಯ್ತು" ಎಂದ ಚಿಕ್ಕಪ್ಪ ಮೆಲ್ಲಗೆ.

"ಇಲ್ಲ! ಅವಳಿಗೆ ಈಗ ಗೊತ್ತಾಗಿದೆ!" ಎಂದೆ.

ಗೊತ್ತಾಗಿತ್ತು. ನಮ್ಮೆದುರು ಹಾದುಹೋಗುವಾಗ ಅಕ್ಕ ಎಡಗೈ ತೆಗೆದು ನನ್ನತ್ತ ಮುಷ್ಟಿ ಎತ್ತಿದಳು. ಎರಡನೆಯ ಸುತ್ತಿನ ಏರನ್ನು ಅವಳು ಹತ್ತಿದ ರೀತಿಯೇ ಬೇರೆ. ಮುಂದಕ್ಕೆ ಬಾಗಿ, ಹ್ಯಾಂಡಲಿಗೆ ಎದೆ ತಾಗಿಸಿ. ಏರಿನ ತುದಿಯಿಂದ ಹಾರಿದಾಗ ಗಾಡಿಯ ಹೊಟ್ಟೆ ಕಂಡಿತು, ಅದರಡಿ ಸೂರ್ಯ ಕಂಡ, ನನ್ನ ಕೊಂಡಿ ಫಳಕ್ಕೆಂದಿತು. ನೆಲ ಮುಟ್ಟಿದಾಗ ಸದ್ದೇ ಬರಲಿಲ್ಲ. ಹಿಂಭಾಗ ಆಳಕ್ಕೆ ಕುಸಿದು, ಬಿಗಿಯಾಗಿ, ಮೆಲ್ಲಗೆ ಎದ್ದಿತು.

ಹಲ್ಲುಸಾಲಿನ ಬಾಯಲ್ಲಿ ಕೆಂಪು ಗಾಡಿ ಇನ್ನೂ ಮುಂದಿತ್ತು. ಆ ದೊಡ್ಡ ಸವಾರ ಒಂದೊಂದು ಹಲ್ಲಿಗೂ ಗಾಡಿಯ ಜೊತೆ ಕುಸ್ತಿಯಾಡುತ್ತಿದ್ದ. ಅಕ್ಕ ಮಿಡತೆಯನ್ನು ಅವನ ಪಕ್ಕಕ್ಕೆ ತಿರುಗಿಸಿದಳು.

"ಒತ್ತು! ಅಕ್ಕಾ, ಒತ್ತು! ಒತ್ತೇ!" ನಾನು ಯಾವಾಗ ಬಂಡೆಯ ಮೇಲೆ, ಮೇಡಂ ಪಕ್ಕದಲ್ಲಿ ಹತ್ತಿ ನಿಂತಿದ್ದೆನೋ ಗೊತ್ತಿಲ್ಲ.

ಅಕ್ಕ ಒತ್ತಿದಳು. ಅವಳ ತಲೆ ಅಲುಗಲಿಲ್ಲ. ಅದೇ ಆಶ್ಚರ್ಯ! ಕೆಳಗೆ ನಾಲ್ಕು ಚಕ್ರಗಳೂ ಹೊಲಿಗೆ ಯಂತ್ರದ ಸೂಜಿಯಂತೆ ಮೇಲೆ ಕೆಳಗೆ, ಮೇಲೆ ಕೆಳಗೆ. ಮೇಲೆ ಅವಳ ತಲೆ ಮಾತ್ರ ಗೆರೆ ಎಳೆದಂತೆ ನೇರ ಹೋಗುತ್ತಿತ್ತು. ಹಲ್ಲಿನ ತುದಿ, ತುದಿ, ತುದಿ. ಸಾಲಿನ ನಡುವೆ ಕೆಂಪು ಗಾಡಿಯ ಜೊತೆಗಿದ್ದಳು. ಸಾಲು ಮುಗಿಯುವಾಗ ಕೆಂಪು ಗಾಡಿ ಧೂಳಿನಲ್ಲಿ ಕಾಣೆಯಾಗಿತ್ತು.

ಭಾವ ಗಡಿಯಾರ ನಿಲ್ಲಿಸುವುದನ್ನೂ ಮರೆತು ಕುಣಿಯುತ್ತಿದ್ದ. ವೆಲ್ಡರ್ ಮಾಮ ಟೋಪಿ ಮೇಲಕ್ಕೆಸೆದು ಹಿಡಿಯಲಾರದೆ ಹೋದ. ಚಿಕ್ಕಪ್ಪ ಒಂದು ಕೈಯಿಂದ ನನ್ನ ತಲೆ ಹಿಡಿದು ಅಲ್ಲಾಡಿಸಿದ, ತೆಂಗಿನಕಾಯಿಯಲ್ಲಿ ನೀರಿದೆಯೇ ಎಂದು ನೋಡುವವನಂತೆ. ಅವನ ಕಣ್ಣು ಒದ್ದೆಯಾಗಿತ್ತು, ಧೂಳಿಗೂ ಇರಬಹುದು.

ಮೇಡಂ ಮಾತ್ರ ಕುಣಿಯಲಿಲ್ಲ. ಬಂಡೆಯಿಂದ ಇಳಿದು ಮಿಡತೆಯ ಸುತ್ತ ಒಂದು ಸಲ ನಡೆದರು.

"ನಿಮ್ಮ ಹುಡುಗಿ ಹಗುರ. ನಮ್ಮವರು ಭಾರ. ಹಗುರ ಇರೋರು ತೇಲೋದ್ರಲ್ಲಿ ಏನು ಹೆಚ್ಚುಗಾರಿಕೆ?"

ನಮ್ಮವರ ನಗು ಅರ್ಧಕ್ಕೇ ನಿಂತಿತು.

"ಈ ಗಾಡಿನ ನಮ್ಮವರು ಓಡಿಸ್ಲಿ. ಹಲ್ಲಿನ ಸಾಲಲ್ಲಿ ಒಂದು ಸುತ್ತು. ಅವರಿಗೂ ಹೀಗೇ ಹೋದ್ರೆ ಒಪ್ತೀನಿ."

ಚಿಕ್ಕಪ್ಪ ಬಾಯಿ ತೆರೆದ. ಏನೋ ನೆಪ ಹೇಳುತ್ತಾನೆಂದು ತಿಳಿಯಿತು: ಎಂಜಿನ್ ಕಾದಿದೆ, ಟೀ ಕುಡಿಯೋಣ, ನಾಳೆ ನೋಡೋಣ.

"ಓಡಿಸ್ಲಿ ಮೇಡಂ" ಎಂದೆ ನಾನು. "ಆದ್ರೆ ಹಾಗೇ ಹತ್ತಿ ಹೋಗೋ ಹಾಗಿಲ್ಲ. ಮೊದ್ಲು ಅವರನ್ನ ನಿಲ್ಲಿಸಿ ಅಳೀಬೇಕು."

"ನೀವು ಯಾರು?"

"ಹಿಂದಿನ ಕೊಂಡಿ ನಾನು ಮಾಡಿದ್ದು."

ಮೇಡಂ ನನ್ನ ಮೂಗಿನ ಮೇಲಿನ ಗ್ರೀಸು ನೋಡಿದರು. "ಅಳೀರಿ."

ಕೆಂಪು ಗಾಡಿಯ ಸವಾರ ಹತ್ತಿದ. ಮಿಡತೆ ಗಪ್ಪೆಂದು ತಳ ಮುಟ್ಟುವಷ್ಟು ಕುಸಿಯಿತು. ಅವನಿಗೇ ನಾಚಿಕೆಯಾಯಿತು. "ಬೆಳಿಗ್ಗೆ ತಿಂಡಿ ಸ್ವಲ್ಪ ಜಾಸ್ತಿ ಆಯ್ತು" ಎಂದ.

"ಪರವಾಗಿಲ್ಲ ಅಣ್ಣ, ತಿಂಡಿಗೂ ಜಾಗ ಮಾಡ್ತೀನಿ. ಇಳೀರಿ" ಎಂದೆ. ಬಳೆ ಬಿಗಿದೆ. "ಹತ್ತಿ. ಕೂತ್ಕೋಬೇಡಿ, ನಿಂತ್ಕೊಳ್ಳಿ. ಇಳೀರಿ." ಮತ್ತೆ ಬಿಗಿದೆ. ವೆಲ್ಡರ್ ಮಾಮನ ಬದಲು ಕೆಳತುದಿ ಹಿಡಿದು ಕೂತವನು ಚಿಕ್ಕಪ್ಪ. ಮಂಡಿಯೂರಲು ಕಷ್ಟಪಟ್ಟ, ಆದರೂ ಕೂತ. "ಎಷ್ಟಮ್ಮ?" ಎಂದು ಕೇಳುತ್ತಿದ್ದ. "ಇನ್ನೂ ಸ್ವಲ್ಪ" ಎನ್ನುತ್ತಿದ್ದೆ. ಬಳೆಯ ಗೆರೆ ಬೆಳಿಗ್ಗೆ ಇದ್ದ ಜಾಗವನ್ನೂ ದಾಟಿ ಹೋದ ಮೇಲೆ "ಸರಿ" ಎಂದೆ.

ಅವನು ಹೊರಟ. ಹೊಸ ಗಾಡಿ, ಗೊತ್ತಿಲ್ಲದ ಗಾಡಿ, ಮೊದಲು ಹುಷಾರಾಗಿ ಏರು ಹತ್ತಿದ. ಸಣ್ಣದಾಗಿ ಹಾರಿದ. ಹಲ್ಲುಸಾಲಿನ ಮುಂದೆ ಅನುಮಾನಿಸಿದಂತೆ ಕಂಡಿತು. ಎಂಜಿನಿನ ದನಿ ತಗ್ಗಿತು. ಆಮೇಲೆ ದನಿ ಏರಿತು, ಏರಿತು, ಕಿವಿಗಡಚಿಕ್ಕಿತು, ಆ ದೊಡ್ಡ ಮೈ ಹಲ್ಲುಗಳ ಮೇಲೆ ಜಾರಿಕೊಂಡು ಹೋಯಿತು, ದೋಣಿಯಂತೆ. ಕೊನೆಯ ಹಲ್ಲಿನಿಂದ ಹಾರಿ ಇಳಿದವನು ಹೆಲ್ಮೆಟ್ಟಿನೊಳಗಿಂದ ಹೋ ಎಂದು ಕೂಗಿದ್ದು ಗಣಿಯ ಗೋಡೆಗೆಲ್ಲ ಬಡಿದು ಬಂತು.

ಮೇಡಂ ಕೈ ಎತ್ತಿದರು, ಬಾ ಎಂದು. ಅವನು ನಮ್ಮೆದುರು ನಿಲ್ಲಿಸಲಿಲ್ಲ. ಕೈ ಬೀಸಿ ಮತ್ತೆ ಏರಿನ ಕಡೆ ಹೋದ.

"ಒಂದೇ ಸುತ್ತು ಅಂದಿದ್ದೆ" ಎಂದರು ಮೇಡಂ.

"ಕೇಳಿಸಿರತ್ತೆ ಮೇಡಂ. ಕೇಳಿಸದ ಹಾಗೆ ಮಾಡ್ತಿದಾರೆ" ಎಂದಳು ಅಕ್ಕ.

ಮೇಡಂ ಎತ್ತಿದ ಕೈಯನ್ನು ಇಳಿಸಿದರು. ಅವನು ಎರಡನೆಯ ಸಲ ಸಾಲು ದಾಟುವುದನ್ನು ಪೂರ್ತಿ ನೋಡಿದರು. "ಕೊಂಡಿ ಹೀಗೇ ಇರಲಿ" ಎಂದರು ಚಿಕ್ಕಪ್ಪನಿಗೆ. "ಯಾರೂ ಕೈ ಹಾಕಬೇಡಿ. ನಮ್ಮ ಹೊಸ ಗಾಡಿಗಳಿಗೆಲ್ಲ ಇದೇ."

"ಇವಳಿಗೆ ಹೇಳಿ. ನನ್ನದೇನಿದೆ" ಎಂದ ಚಿಕ್ಕಪ್ಪ ಮಂಡಿಯ ಮಣ್ಣು ಕೊಡವುತ್ತ.

ಮೇಡಂ ನನ್ನತ್ತ ತಿರುಗಿದರು. ನನಗೆ ಹೇಳುವುದು ಬೆಟ್ಟದಷ್ಟಿತ್ತು. ಹಗುರದವರಿಗೆ ಒಂದು ಸ್ಪ್ರಿಂಗ್ ಬೇಕು, ಭಾರದವರಿಗೆ ಇನ್ನೊಂದು. ಬಳೆ ತಿರುಗಿಸಲು ಸೀಟಿನ ಕೆಳಗೆ ತಲೆ ತೂರಿಸುವ ಕಷ್ಟ ಕೊಂಡವರಿಗೆ ಇರಬಾರದು. ಮುಂದಿನ ಶಾಕುಗಳಿಗೂ ಇದೇ ಉಪಾಯ ಮಾಡಬಹುದು. ಹೇಳಲು ಶುರುಮಾಡಿದೆ. ಅಷ್ಟರಲ್ಲಿ ಮಿಡತೆ ಮೂರನೆಯ ಸಲ ಹಾದುಹೋಗಿ ಧೂಳಿನ ಮೋಡ ನಮ್ಮ ಮೇಲೆ ಬಂತು. ಎಲ್ಲರೂ ಬಾಯಿ ಮುಚ್ಚಿಕೊಂಡರು. ನಾನು ಹಲ್ಲಿನಲ್ಲಿ ಮರಳು ಕರಕರ ಎನ್ನುತ್ತಿದ್ದರೂ ಮುಂದಿನ ಶಾಕುಗಳ ವಿಷಯ ಹೇಳುತ್ತಲೇ ಇದ್ದೆ.